ಗೇರ್‌ಬಾಕ್ಸ್ ಎಣ್ಣೆ ಕಪ್ಪಾದರೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಆಯನೂರಿನಿಂದ ಸಾಗರ ರಸ್ತೆ ಹಿಡಿದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ರಿಪೇರಿಗೆ ಹೋಗುವ ಗಾಡಿಗಳಲ್ಲಿ ಈಗ ಗೇರ್ ತಾನಾಗಿಯೇ ಬೀಳುವ ಪಿಕಪ್‌ಗಳೂ ಸೇರಿಕೊಂಡಿವೆ. ಬಿಡದಿಯ ಟೊಯೊಟಾ ಕಂಪನಿ 2022ರಲ್ಲಿ ಇಳಿಸಿದ ಹೈಲಕ್ಸ್‌ನಲ್ಲಿ ಆರು ಗೇರಿನ ಆಟೋಮ್ಯಾಟಿಕ್ ಕೂಡ ಇದೆ. ಗಾಡಿ ಹೊಸದು, ಅದರ ಸುತ್ತಲಿನ ಮಾತುಗಳು ಮಾತ್ರ ಹಳೆ ಲಾರಿಗಳ ಕಾಲದವು. ನಾವೂ ಅವನ್ನು ನಂಬಿದ್ದವರೇ.

ಆಟೋಮ್ಯಾಟಿಕ್ ಗಾಡಿಯಲ್ಲಿ ಎಣ್ಣೆಯ ಕೆಂಪು ಹೋಗಿ ಕಂದಾದರೆ ಗೇರ್‌ಬಾಕ್ಸ್ ಕಥೆ ಮುಗಿಯಿತು ಎನ್ನುತ್ತಾರೆ.

ವಾಸ್ತವ: ಕೆಂಪು ಎಣ್ಣೆಯ ಗುಣವಲ್ಲ, ಬೆರೆಸಿದ ಬಣ್ಣ. ಸೋರಿದ್ದು ಎಂಜಿನ್ ಆಯಿಲೋ ಗೇರ್ ಎಣ್ಣೆಯೋ ಎಂದು ತಿಳಿಯಲು ಹಾಕುತ್ತಾರೆ. ಬಳಸುತ್ತಾ ಹೋದಂತೆ ಅದು ಮಾಸುತ್ತದೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿ. ಕಂದಾಗಿದ್ದರೂ ತಿಳಿಯಾಗಿ ಹರಡಿ, ಸುಟ್ಟ ವಾಸನೆ ಇಲ್ಲದೆ, ಗೇರ್ ಕೂಡ ಸ್ಲಿಪ್ ಆಗದಿದ್ದರೆ ಎಣ್ಣೆಗೆ ವಯಸ್ಸಾಗಿದೆ, ಅಷ್ಟೆ. ಹನಿಯ ನಡುವೆ ಕರಿ ಕಣ ನಿಂತು ಮೂಗಿಗೆ ಸುಟ್ಟ ವಾಸನೆ ಹೊಡೆದರೆ ಸುಟ್ಟಿರುವುದು ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟಿನ ಲೈನಿಂಗ್. ಬರೀ ಬಣ್ಣ ನೋಡಿ ತೀರ್ಪು ಕೊಡುವವರ ಮಾತು ಕೇಳಬೇಡಿ.

ಹಳೆ ಎಣ್ಣೆಯನ್ನು ಮುಟ್ಟಬಾರದು, ಬದಲಿಸಿದರೆ ಗೇರ್‌ಬಾಕ್ಸ್ ಸಾಯುತ್ತದೆ. ಇದು ಎಲ್ಲಕ್ಕಿಂತ ಗಟ್ಟಿ ನಂಬಿಕೆ.

ವಾಸ್ತವ: ಇದರ ಹಿಂದೆ ನಿಜವಾದ ಅನುಭವವಿದೆ, ತಳ್ಳಿಹಾಕುವಂತಿಲ್ಲ. ಎಣ್ಣೆ ಬದಲಿಸಿದ ವಾರಕ್ಕೇ ಗಾಡಿ ನಿಂತದ್ದುಂಟು. ಕೆಲವರು ದೃಷ್ಟಿ ತಾಗಿತು ಎಂದರು, ಕೆಲವರು ಅಮಾವಾಸ್ಯೆಯ ದಿನ ಬಿಚ್ಚಿದ್ದೇ ತಪ್ಪೆಂದರು. ಆದರೆ ಅಂಥ ಗಾಡಿಗಳ ಕ್ಲಚ್ ಮೊದಲೇ ಸವೆದಿರುತ್ತದೆ. ಗೇರ್ ಜಾರತೊಡಗಿದ ಮೇಲೆಯೇ ಮಾಲೀಕರಿಗೆ ಎಣ್ಣೆಯ ನೆನಪಾಗುವುದು. ಕಾಯಿಲೆ ಹಳೆಯದು, ಹೆಸರು ಕೆಟ್ಟದ್ದು ಹೊಸ ಎಣ್ಣೆಗೆ. ಒಂದು ಎಚ್ಚರಿಕೆ ಮಾತ್ರ ಸರಿ: ತುಂಬಾ ಓಡಿದ ಗಾಡಿಗೆ ಮೆಷಿನ್ ಹಾಕಿ ಒತ್ತಡದಲ್ಲಿ ತೊಳೆಸಬೇಡಿ, ಎದ್ದ ಕೊಳೆ ಎಣ್ಣೆ ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಗೇರ್‌ಬಾಕ್ಸ್ ತಳದ ಎಣ್ಣೆ ಪ್ಯಾನ್ ಇಳಿಸಿ, ಫಿಲ್ಟರ್ ಬದಲಿಸಿ, ಇಳಿದಷ್ಟು ಎಣ್ಣೆ ತುಂಬಿಸಿ. ಟಾರ್ಕ್ ಕನ್ವರ್ಟರ್‌ನಲ್ಲಿ ಹಳೆಯದು ಸಾಕಷ್ಟು ಉಳಿಯುವುದರಿಂದ ಸ್ವಲ್ಪ ಓಡಿಸಿ ಇನ್ನೊಮ್ಮೆ ಮಾಡಿಸಿದರೆ ಒಳ್ಳೆಯದು.

ಕಂಪನಿಯೇ ಜೀವಮಾನದ ಎಣ್ಣೆ ಎಂದಿದೆ, ಬದಲಿಸುವ ಪ್ರಶ್ನೆಯೇ ಇಲ್ಲ ಎನ್ನುವವರೂ ಇದ್ದಾರೆ.

ವಾಸ್ತವ: ಯಾರ ಜೀವಮಾನ? ಹಲವು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲು ಹೇಳುತ್ತದೆ. ಅಡಿಕೆ ಹೇರಿಕೊಂಡು ಹುಲಿಕಲ್ ಘಾಟಿ ಹತ್ತಿ ಇಳಿಯುವ ಪಿಕಪ್‌ಗೆ ಅದಕ್ಕೂ ಮೊದಲೇ ಬೇಕು. ಎಣ್ಣೆಯ ಶತ್ರು ಕಿಲೋಮೀಟರಿಗಿಂತ ಬಿಸಿ.

ಪ್ಯಾನ್‌ನಲ್ಲಿ ಲೋಹದ ಪುಡಿ ಕಂಡರೆ ಎಲ್ಲವನ್ನೂ ಬಿಚ್ಚಬೇಕು ಎಂದು ಹೆದರಿಸುವವರಿದ್ದಾರೆ.

ವಾಸ್ತವ: ಪುಡಿ ಹಿಡಿಯಲೆಂದೇ ಪ್ಯಾನ್‌ನ ತಳದಲ್ಲಿ ಆಯಸ್ಕಾಂತ ಇಟ್ಟಿರುತ್ತಾರೆ. ಉಜ್ಜಾಡುವ ಲೋಹ ಸವೆಯುತ್ತದೆ ಎಂದು ಕಬ್ಬಿಣ-ಉಕ್ಕಿನ ಊರು ಭದ್ರಾವತಿಯವರಿಗೆ ಹೇಳಿಕೊಡಬೇಕೆ? ಆಯಸ್ಕಾಂತಕ್ಕೆ ಅಂಟಿದ ಬೂದು ಕೆಸರನ್ನು ಬೆರಳಲ್ಲಿ ಉಜ್ಜಿ; ಕಾಡಿಗೆಯಷ್ಟು ನುಣುಪಾಗಿದ್ದರೆ ಸಹಜ ಸವೆತ. ಚುಚ್ಚುವ ಚೂರು, ಎಳೆ ಸಿಕ್ಕರೆ ಗೇರ್ ಅಥವಾ ಬೇರಿಂಗ್ ಒಡೆಯುತ್ತಿದೆ. ಹಳದಿ ಮಿನುಗು ಬುಷ್‌ಗಳದ್ದು. ಹಿತ್ತಾಳೆ, ಕಂಚು ಆಯಸ್ಕಾಂತಕ್ಕೆ ಅಂಟುವುದಿಲ್ಲ, ಪ್ಯಾನ್ ತಳದಲ್ಲೇ ಹುಡುಕಬೇಕು.

ಎಣ್ಣೆ ಗುಲಾಬಿಯಾಗಿ ಕದಡಿದ್ದರೆ ಮಲೆನಾಡಿನ ಮಳೆಯ ಥಂಡಿ ಎಂದು ಸುಮ್ಮನಾಗುತ್ತೇವೆ.

ವಾಸ್ತವ: ಬರೀ ಥಂಡಿಗೆ ಹೀಗಾಗುವುದಿಲ್ಲ. ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ಕೂಲಂಟ್ ಬೆರೆತಿರುತ್ತದೆ, ಇಲ್ಲವೇ ನೆರೆ ನೀರಿನಲ್ಲಿ ನುಗ್ಗಿಸಿದಾಗ ಗಾಳಿಯಾಡುವ ನಳಿಕೆಯಾದ ಬ್ರೀದರ್‌ನಿಂದ ನೀರು ಒಳಹೊಕ್ಕಿರುತ್ತದೆ. ನೀರು ಲೈನಿಂಗಿನ ಅಂಟನ್ನೇ ಬಿಡಿಸುತ್ತದೆ. ಓಡಿಸಬೇಡಿ, ಬೇರೆ ಗಾಡಿಯ ಮೇಲೆ ಹೇರಿಸಿಕೊಂಡು ಹೋಗಿ.

ಕ್ಲಚ್ ಪೆಡಲ್ ಇಲ್ಲದ ಗಾಡಿಗೆಲ್ಲ ಒಂದೇ ಕೆಂಪು ಎಣ್ಣೆ ಎಂಬುದೂ ಸುಳ್ಳು.

ವಾಸ್ತವ: ಎಎಂಟಿ ಲಾರಿಗಳಲ್ಲಿರುವುದು ಮಾಮೂಲಿ ಗೇರ್‌ಬಾಕ್ಸೇ, ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು. ಹಾಗಾಗಿ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದ ಎಣ್ಣೆಯನ್ನೇ ಹಾಕಿಸಿ.

ಇಡೀ ಗೇರ್‌ಬಾಕ್ಸ್ ಇಳಿಸಬೇಕು ಎಂದು ಮೆಕ್ಯಾನಿಕ್ ಹೇಳಿದರೆ ಒಪ್ಪುವ ಮೊದಲು ಪ್ಯಾನ್ ಬಿಚ್ಚಿಸಿ, ಎದುರಿಗೇ ನಿಂತು ಆಯಸ್ಕಾಂತ ನೋಡಿ. ತೆಗೆದ ಎಣ್ಣೆಯನ್ನು ಒಂದು ಬಾಟಲಿಗೆ ತುಂಬಿಸಿಕೊಂಡು ಇನ್ನೊಬ್ಬ ಮೆಕ್ಯಾನಿಕ್‌ಗೂ ತೋರಿಸಿ.