20 ಕೆಜಿ, ಒಂದೇ ಹೆಬ್ಬೆರಳು

ಡೆಡ್‌ಲಿಫ್ಟ್‌ನಲ್ಲಿ 100 ಕೆಜಿ ಎತ್ತುವವನಿಗೆ 20 ಕೆಜಿ ಯಾವ ಲೆಕ್ಕ ಅಂತ ನಾನೂ ಅಂದುಕೊಂಡಿದ್ದೆ. 10 ಕೆಜಿಯ ಎರಡು ಕಬ್ಬಿಣದ ಪ್ಲೇಟ್‌ಗಳನ್ನು ಜೋಡಿಸಿ ನಿಲ್ಲಿಸಬೇಕು. ನುಣುಪಾದ ಮುಖ ಹೊರಗಡೆ. ಮೇಲಿನ ಅಂಚಿನಲ್ಲಿ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಇಟ್ಟು ಒತ್ತಿ ಹಿಡಿದು ಎತ್ತಬೇಕು. ಅಷ್ಟೇ. ಹಿಡಿ ಇಲ್ಲ, ರಾಡ್ ಇಲ್ಲ. ಇದಕ್ಕೆ ಪಿಂಚ್ ಗ್ರಿಪ್ ಅಂತಾರೆ. ಉಪ್ಪು ಚಿಟಿಕೆಯಲ್ಲಿ ತೆಗೆದುಕೊಳ್ಳುತ್ತೇವಲ್ಲ, ಅದೇ ಹಿಡಿತ. ಉಪ್ಪಿನ ಬದಲು ಕಬ್ಬಿಣ.

ಮೊದಲ ದಿನ ಪ್ಲೇಟ್ ನೆಲ ಬಿಟ್ಟಿತೋ ಇಲ್ಲವೋ, ಜಾರಿ ದಡಾರನೆ ಬಿತ್ತು. ಇಡೀ ಜಿಮ್ ತಿರುಗಿ ನೋಡಿತು. ಮಾನ ಹೋದ ಮೇಲೆ ಬಿಡೋಕಾಗುತ್ತಾ? ವಾರಕ್ಕೆ ಐದು ದಿನ ಅದನ್ನೇ ಹಿಡಿದುಕೊಂಡು ಕೂತೆ. ಎರಡು ತಿಂಗಳಾಯಿತು, ಪ್ಲೇಟ್ ಎದ್ದೇಳಲಿಲ್ಲ. ಎದ್ದಿದ್ದು ನೋವು ಮಾತ್ರ, ಬಲಗೈ ಹೆಬ್ಬೆರಳಿನ ಬುಡದಲ್ಲಿ. ಆಫೀಸಿನಲ್ಲಿ ಕೀಬೋರ್ಡಿನ ಸ್ಪೇಸ್ ಬಾರ್ ಒತ್ತಿದರೆ ಚುಳ್ ಅನ್ನೋದು. ನೀರಿನ ಬಾಟಲಿಯ ಮುಚ್ಚಳ ತೆಗೆಯೋಕೆ ಪಕ್ಕದವರನ್ನು ಕೇಳಬೇಕಾಯಿತು. ಕೋಡ್ ಬರೆದು ಬದುಕುವವನಿಗೆ ಕೈಯೇ ಅನ್ನ. ಆಗ ನಿಜವಾಗಿ ಹೆದರಿಕೆ ಆಯಿತು.

ಡಾಕ್ಟರ್ ಹೇಳಿದಂತೆ ಮೂರು ವಾರ ಕೈಗೆ ವಿಶ್ರಾಂತಿ ಕೊಟ್ಟು ವಾಪಸ್ ಹೋದಾಗ, ಜಿಮ್‌ನ ಹಿರಿಯ ಟ್ರೇನರ್ ನನ್ನ ಕೈಯನ್ನು ಒಂದು ನಿಮಿಷ ನೋಡಿ ಹೇಳಿದರು: "ಸರ್, ಶಕ್ತಿ ಕಮ್ಮಿ ಇಲ್ಲ ನಿಮಗೆ. ಕೈ ಇಡೋ ಜಾಗ ತಪ್ಪು." ಅವತ್ತಿನಿಂದ ಕಲಿತಿದ್ದನ್ನು ಇಲ್ಲಿ ಬರೆದಿದ್ದೇನೆ.

ನಾಲ್ಕು ಜನರ ಎದುರು ಒಬ್ಬ

ಸ್ವಲ್ಪ ಲೆಕ್ಕ ನೋಡೋಣ, ಹೆದರಬೇಡಿ. ಪಿಂಚ್‌ನಲ್ಲಿ ಪ್ಲೇಟನ್ನು ಹಿಡಿದು ನಿಲ್ಲಿಸುವುದು ಘರ್ಷಣೆ. ಚರ್ಮಕ್ಕೂ ಕಬ್ಬಿಣಕ್ಕೂ ನಡುವಿನ ಘರ್ಷಣಾಂಕ 0.5 ಅಂತ ಇಟ್ಟುಕೊಳ್ಳಿ. 20 ಕೆಜಿ ಜಾರದೆ ನಿಲ್ಲಬೇಕಾದರೆ ಎರಡೂ ಕಡೆಯಿಂದ ತಲಾ 20 ಕೆಜಿಯಷ್ಟು ಒತ್ತಡ ಬೇಕು. ಒಂದು ಕಡೆ ನಾಲ್ಕು ಬೆರಳು ಹಂಚಿಕೊಳ್ಳುತ್ತವೆ, ಸರಾಸರಿ ತಲಾ 5 ಕೆಜಿ. ಇನ್ನೊಂದು ಕಡೆ ಹೆಬ್ಬೆರಳು ಒಂದೇ, ಪೂರ್ತಿ 20 ಕೆಜಿ ಅದರ ತಲೆ ಮೇಲೆ. ದ್ರೋಣರು ಏಕಲವ್ಯನ ಹತ್ತಿರ ಯಾಕೆ ಆ ಬೆರಳನ್ನೇ ಕೇಳಿದರು ಅಂತ ಪಿಂಚ್ ಮಾಡುವವರಿಗೆ ಬೇರೆ ವಿವರಿಸಬೇಕಿಲ್ಲ.

ಬೆವರಿನಿಂದಲೋ ಎಣ್ಣೆಯಿಂದಲೋ ಘರ್ಷಣಾಂಕ 0.4ಕ್ಕೆ ಇಳಿದರೆ, ಅದೇ 20 ಕೆಜಿಗೆ ಹೆಬ್ಬೆರಳು 25 ಕೆಜಿಯಷ್ಟು ಒತ್ತಬೇಕು. ಅಂದರೆ ಸಿದ್ಧತೆ ಸರಿ ಇಲ್ಲದಿದ್ದರೆ, ಪ್ಲೇಟ್ ಹಾಕದೆಯೇ ನೀವು ಭಾರ ಹೆಚ್ಚಿಸಿಕೊಂಡ ಹಾಗೆ. ಎರಡು ತಿಂಗಳು ನಾನು ಮಾಡಿದ್ದು ಇದನ್ನೇ.

ಮುಟ್ಟುವ ಮೊದಲು

ಮೊದಲು ಪ್ಲೇಟ್ ಒರೆಸಿ. ಜಿಮ್ ಪ್ಲೇಟ್‌ಗಳ ಮೇಲೆ ನೂರು ಜನರ ಕೈಯ ಜಿಡ್ಡು ಇರುತ್ತದೆ. ಆಮೇಲೆ ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಚಾಕ್ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಕೊಡವಿ. ಇದು ಸ್ಕೂಲಿನ ಬೋರ್ಡಿನ ಚಾಕ್ ಅಲ್ಲ, ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ. ದಪ್ಪಗೆ ಮೆತ್ತಿದರೆ ಪುಡಿಯ ಮೇಲೆ ಪುಡಿ ಜಾರುತ್ತದೆ. ಮಂಗಳೂರಿನ ಸೆಕೆಯಲ್ಲಿ ಬೆವರು ಶತ್ರು. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಚರ್ಮ ತೀರಾ ಒಣಗಿ ಗಾಜಿನ ಹಾಗೆ ಜಾರುತ್ತದೆ. ಆಗ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಶುರು ಮಾಡಿ.

ಎರಡು ಪ್ಲೇಟ್‌ಗಳ ತೂತಿನೊಳಗೆ ಒಂದು ಗಿಡ್ಡ ಪೈಪ್ ತೂರಿಸಿದರೆ ಅವು ಒಂದರ ಮೇಲೊಂದು ಜಾರುವುದಿಲ್ಲ. ಮುಂದೆ 1.25 ಕೆಜಿಯ ಸಣ್ಣ ಪ್ಲೇಟ್ ಸೇರಿಸುವುದಕ್ಕೂ ಅದೇ ಪೈಪ್ ಸಾಕು. ಕೆಳಗೆ ರಬ್ಬರ್ ಮ್ಯಾಟ್ ಇರಲಿ, ಕಾಲಿಗೆ ಶೂ ಇರಲಿ. ಪ್ಲೇಟ್ ಎರಡು ಪಾದಗಳ ನಡುವಿನ ಖಾಲಿ ಜಾಗದಲ್ಲಿರಲಿ, ಕಾಲ್ಬೆರಳಿನ ಮೇಲೆ ಎಂದೂ ಬೇಡ. ಇದರಲ್ಲಿ ಕೈ ಜಾರುವುದು ಅಪಘಾತವಲ್ಲ, ದಿನನಿತ್ಯದ ವಿಷಯ.

ಕೈ ಎಲ್ಲಿ, ಹೇಗೆ?

ನಿಂತ ಪ್ಲೇಟಿನ ನೆತ್ತಿ, ಅಂದರೆ ಅತಿ ಎತ್ತರದ ಜಾಗಕ್ಕೆ ಚಾಕ್‌ನಿಂದ ಗೆರೆ ಎಳೆಯಿರಿ. ಭಾರದ ಕೇಂದ್ರ ಆ ಗೆರೆಯ ನೇರ ಕೆಳಗಿದೆ. ನಿಮ್ಮ ಹಿಡಿತದ ಮಧ್ಯಭಾಗ ಆ ಗೆರೆಯ ಮೇಲೇ ಬರಬೇಕು. ಒಂದು ಅಂಗುಲ ಆಚೀಚೆ ಆದರೂ ಪ್ಲೇಟ್ ಎದ್ದ ಕೂಡಲೇ ತಿರುಗಲು ನೋಡುತ್ತದೆ. ಆಗ ಹೆಬ್ಬೆರಳು ಭಾರವನ್ನೂ ಹೊರಬೇಕು, ತಿರುಗುವುದನ್ನೂ ತಡೆಯಬೇಕು. ನನ್ನ ಕೈ ದಿನಾ ಗೆರೆಯಿಂದ ಎರಡು ಬೆರಳಷ್ಟು ಹಿಂದೆ ಇರುತ್ತಿತ್ತಂತೆ. ನನಗೆ ಗೊತ್ತೇ ಇರಲಿಲ್ಲ.

ಹೆಬ್ಬೆರಳನ್ನು ತೋರುಬೆರಳಿಗೆ ಎದುರಾಗಿ ಇಡುವುದು ನಮ್ಮ ಅಭ್ಯಾಸ, ಉಪ್ಪಿನ ಚಿಟಿಕೆ ಹಾಗೇ ಅಲ್ಲವೇ? ಭಾರಕ್ಕೆ ಅದು ಸಾಲದು. ಹೆಬ್ಬೆರಳು ತೋರುಬೆರಳು ಮತ್ತು ನಡುಬೆರಳಿನ ಮಧ್ಯಕ್ಕೆ ಎದುರಾಗಿರಲಿ. ಆಗ ಉಂಗುರ ಬೆರಳು, ಕಿರುಬೆರಳಿಗೂ ಕೆಲಸ ಸಿಗುತ್ತದೆ.

ಬೆರಳ ತುದಿಯಲ್ಲಿ ಹಿಡಿಯಬೇಡಿ. ಬೆರಳುಗಳನ್ನು ಆದಷ್ಟು ನೇರವಾಗಿ ಚಾಚಿ, ಒಳಭಾಗ ಪ್ಲೇಟಿಗೆ ಅಂಟುವ ಹಾಗೆ ಇಡಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸಲ ಜಾಗ ಪ್ಲೇಟಿನ ಅಂಚಿಗೆ ತಾಗುವಷ್ಟು ಕೈಯನ್ನು ಕೆಳಗಿಳಿಸಿ. ಹೆಬ್ಬೆರಳನ್ನು ಒಳಕ್ಕೆ ಎಳೆಯುವ ಸ್ನಾಯು ಇರುವುದು ಅಲ್ಲೇ. ಹೆಬ್ಬೆರಳಿನ ಗಿಣ್ಣು ಮಡಚಿ ಉಗುರಿನ ಹತ್ತಿರ ಮಾತ್ರ ಒತ್ತಿದರೆ ಗಿಣ್ಣಿಗೆ ನೋವು. ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಇಡೀ ಬೆರಳು ಹರಡಿಕೊಳ್ಳುತ್ತದಲ್ಲ, ಹಾಗೆ ಚಪ್ಪಟೆಯಾಗಿ ಕೂರಬೇಕು. ನನ್ನ ರೂಢಿ ಏನೆಂದರೆ, ಮೊದಲು ನಾಲ್ಕು ಬೆರಳು ಕೂರಿಸಿ, ಕೊನೆಗೆ ಹೆಬ್ಬೆರಳನ್ನು ಸಾವಕಾಶವಾಗಿ ಒತ್ತುವುದು.

ಎರಡು ಕೈಯಲ್ಲಿ ಎತ್ತುವುದಾದರೆ ಹೆಬ್ಬೆರಳುಗಳು ನಿಮ್ಮ ಕಡೆ, ಬೆರಳುಗಳು ಆಚೆ ಕಡೆ. ಎರಡೂ ಕೈ ಗೆರೆಯಿಂದ ಸಮದೂರದಲ್ಲಿ, ಹತ್ತಿರ ಹತ್ತಿರ ಇರಲಿ. ಪ್ಲೇಟ್ ದುಂಡಗಿರುವುದರಿಂದ ಕೈ ದೂರ ಹೋದಷ್ಟೂ ಇಳಿಜಾರಿನ ಮೇಲೆ ಹಿಡಿದ ಹಾಗಾಗುತ್ತದೆ.

ದಪ್ಪವೂ ಮುಖ್ಯ. ತೀರಾ ತೆಳುವಾದರೆ ಬೆರಳಿಗೆ ಒತ್ತಲು ಜಾಗವಿಲ್ಲ, ತೀರಾ ದಪ್ಪವಾದರೆ ಹೆಬ್ಬೆರಳು ಅಗಲಕ್ಕೆ ತೆರೆದು ಬಲ ಕಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಐದಾರು ಸೆಂಟಿಮೀಟರ್ ಹೊಂದುತ್ತದೆ. ಕೈ ಚಿಕ್ಕದಿದ್ದವರು ತೆಳುವಿನಿಂದ ಶುರು ಮಾಡಿ.

ಒತ್ತಿ, ಆಮೇಲೆ ಎತ್ತಿ

ಕೈ ಕೂತ ಮೇಲೆ ಒಂದೆರಡು ಸೆಕೆಂಡ್ ಬರೀ ಒತ್ತಿ. ಪೂರ್ತಿ ಬಲ ಬಂತು ಅನ್ನಿಸಿದ ಮೇಲೆ, ತೋಳನ್ನು ಹಗ್ಗದ ಹಾಗೆ ನೇರ ಬಿಟ್ಟು, ಕಾಲಿನಿಂದ ನಿಧಾನವಾಗಿ ಏಳಿ. ಜರ್ಕ್ ಕೊಟ್ಟು ಎಳೆದರೆ ಏನಾಗುತ್ತದೆ? ಗುರುತ್ವದ ಅರ್ಧದಷ್ಟು ವೇಗೋತ್ಕರ್ಷ ಕೊಟ್ಟರೂ ಸಾಕು, ಆ ಕ್ಷಣಕ್ಕೆ 20 ಕೆಜಿ ಹೋಗಿ 30 ಕೆಜಿ ಆಗುತ್ತದೆ. ಮೇಲೆ ಮೂರು ಸೆಕೆಂಡ್ ನಿಲ್ಲಿಸಿ, ಇಳಿಸುವಾಗಲೂ ಅಷ್ಟೇ ನಿಧಾನ.

ತಪ್ಪಿದರೆ ಪ್ಲೇಟೇ ಹೇಳುತ್ತದೆ. ಒಂದು ತುದಿ ಮೊದಲು ಎದ್ದರೆ ಕೈ ಗೆರೆಯ ಮೇಲಿಲ್ಲ. ಹೆಬ್ಬೆರಳಿನ ಕಡೆ ಜಾರಿದರೆ ಹೆಬ್ಬೆರಳು ಸರಿಯಾಗಿ ಕೂತಿಲ್ಲ, ಇಲ್ಲವೇ ಸೋತಿದೆ. ನೆಲ ಬಿಡುವಾಗಲೇ ಜಾರಿದರೆ ಒತ್ತುವ ಮೊದಲೇ ಎತ್ತಿದ್ದೀರಿ. ಫೋನನ್ನು ನೆಲದ ಮೇಲೆ ಒರಗಿಸಿ ಪಕ್ಕದಿಂದ ವಿಡಿಯೋ ಮಾಡಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೋಡಿನಲ್ಲಿ ಬಗ್ ಹುಡುಕುವ ಹಾಗೆ. ಚಾಕ್, ಜಾಗ, ದಪ್ಪ ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತೇ ಆಗಲ್ಲ.

ಒಂದು ಕಬ್ಬಿಣದ ಉಂಡೆಯ ಕತೆ

ಹಿಡಿತದ ಕ್ರೀಡೆಯಲ್ಲಿ 'ಬ್ಲಾಬ್' ಅಂತ ಒಂದು ವಸ್ತು ಬಹಳ ಪ್ರಸಿದ್ಧ. ಅಮೆರಿಕದ ಯಾರ್ಕ್ ಕಂಪನಿಯ ಹಳೆಯ 100 ಪೌಂಡ್ ಡಂಬೆಲ್ಲಿನ ಒಂದು ತಲೆಯನ್ನು ಕತ್ತರಿಸಿ ತೆಗೆದ ಉಂಡೆ ಅದು. ಭಾರ ಸುಮಾರು 50 ಪೌಂಡ್, ಅಂದರೆ 22-23 ಕೆಜಿ. ಅದನ್ನು ಒಂದೇ ಕೈಯ ಪಿಂಚ್‌ನಲ್ಲಿ ಎತ್ತಿ ಹೆಸರಾದವರು ರಿಚರ್ಡ್ ಸೊರಿನ್. ಹಿಡಿಯಲು ಕಿವಿಯೂ ಇಲ್ಲ, ಅಂಚೂ ಇಲ್ಲ. ಅದನ್ನು ಎತ್ತಲು ಹೊರಟವರು ಉಂಡೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ತಮ್ಮ ಕೈಗೆ ಸರಿಹೊಂದುವ ಜಾಗ ಹುಡುಕುತ್ತಾರೆ. ಅಂಥ ಬಲಶಾಲಿಗಳೇ ಜಾಗ ಹುಡುಕುತ್ತಾರೆ ಅಂದಮೇಲೆ ನಮ್ಮದೇನು ಬಿಡಿ.

ಎಷ್ಟು ಸಾಕು?

ವಾರಕ್ಕೆ ಎರಡೇ ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. 5 ಕೆಜಿಯ ಎರಡು ಪ್ಲೇಟ್‌ನಿಂದ ಶುರು ಮಾಡಿ. ಪ್ರತಿ ಕೈಗೆ ಐದು ಸಲ, ನಡುವೆ ಎರಡು ನಿಮಿಷ ವಿಶ್ರಾಂತಿ. ಐದೂ ಸಲ ಜಾರದೆ ನಿಂತರೆ ಮಾತ್ರ 1.25 ಕೆಜಿ ಸೇರಿಸಿ. ಮುಗಿದ ಮೇಲೆ ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಹೊರಗಡೆ ಅಗಲಿಸಿ, ಒಂದಿಪ್ಪತ್ತು ಸಲ. ದಿನವಿಡೀ ಫೋನು, ಮೌಸ್ ಹಿಡಿದು ಒಳಕ್ಕೇ ಮಡಚಿಕೊಂಡಿರುವ ಕೈಗೆ ಇದು ಬೇಕು. ಸ್ನಾಯು ದಣಿಯುವುದು ಬೇರೆ, ಹೆಬ್ಬೆರಳಿನ ಬುಡ ಅಥವಾ ಮಣಿಕಟ್ಟು ಚುಳ್ ಅನ್ನುವುದು ಬೇರೆ. ಎರಡನೆಯದು ಬಂದರೆ ಅಲ್ಲಿಗೇ ನಿಲ್ಲಿಸಿ. ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ನನ್ನ ಹಾಗೆ ಹಠ ಮಾಡಬೇಡಿ.

ಕೈ ಇಡುವ ಜಾಗ ಸರಿ ಮಾಡಿಕೊಂಡು, 10 ಕೆಜಿಯಿಂದ ಮತ್ತೆ ಶುರು ಮಾಡಿದ ನಾಲ್ಕನೇ ತಿಂಗಳು ಆ 20 ಕೆಜಿ ಎದ್ದಿತು. ಈ ಸಲ ಜಿಮ್‌ನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಯಾಕಂದ್ರೆ ಸದ್ದೇ ಆಗಲಿಲ್ಲ. ಎತ್ತಿದೆ, ಮೂರು ಎಣಿಸಿದೆ, ಮೆಲ್ಲಗೆ ಇಳಿಸಿದೆ. ಟ್ರೇನರ್ ಅಣ್ಣ ಮಾತ್ರ ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದರು.