ಪಾದ್ರಿಯಿಲ್ಲದ ಹದಿನೈದು ವರ್ಷ

ಕಾಸರಕೋಡಿನಿಂದ ಶರಾವತಿ ಸೇತುವೆ ದಾಟಿದರೆ ಹೊನ್ನಾವರ ಪೇಟೆ. ಭಟ್ಕಳದಿಂದ ಕುಮಟಾವರೆಗಿನ ಈ ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮುಸ್ಸಂಜೆಗೆ ತೇರ್ಸ್ ಹೇಳುವುದು ತಲೆಮಾರುಗಳಿಂದ ಬಂದ ರೂಢಿ. ಜಪಸರ ಹಿಡಿದು ಅಜ್ಜಿ ಅರ್ಧ ಪ್ರಾರ್ಥನೆ ಹೇಳುತ್ತಾಳೆ, ಉಳಿದರ್ಧವನ್ನು ಮಕ್ಕಳು ಒಕ್ಕೊರಲಿನಿಂದ ಮುಗಿಸುತ್ತಾರೆ. ಅದಕ್ಕೆ ಪಾದ್ರಿ ಬೇಕಿಲ್ಲ, ಇಗರ್ಜಿ ಬೇಕಿಲ್ಲ, ಪುಸ್ತಕವೂ ಬೇಕಿಲ್ಲ. ಸಂಕಟದಲ್ಲಿ ಈ ಜನರ ನಂಬಿಕೆ ಹೇಗೆ ಆಳಕ್ಕಿಳಿಯಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಸಂಜೆಯ ಪ್ರಾರ್ಥನೆಯನ್ನೇ.

ಆ ಸಂಕಟದ ಕಥೆ ಹೀಗೆ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಪಡೆ ಹೊನ್ನಾವರದ ಕೋಟೆಯನ್ನು ಹಿಡಿಯಿತು. ಟಿಪ್ಪು ಸುಲ್ತಾನ ಮರುದಾಳಿ ಮಾಡಿ ಕರಾವಳಿಯನ್ನು ಮತ್ತೆ ವಶಕ್ಕೆ ತೆಗೆದುಕೊಂಡಾಗ, ಇಲ್ಲಿನ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಆರೋಪ ಬಂತು. ಇಬ್ಬರು ಬಲಾಢ್ಯರ ಯುದ್ಧದಲ್ಲಿ ಗದ್ದೆ ಉಳುವ ಜನ ಸಿಕ್ಕಿಬಿದ್ದರು. 1784ರ ಫೆಬ್ರುವರಿಯಲ್ಲಿ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹೊತ್ತಿಗೆ, ಈ ಕರಾವಳಿಯ, ಅಂದರೆ ಕೆನರಾದ, ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸೆರೆಯಾದವರ ಸಂಖ್ಯೆಯನ್ನು ಕೆಲವರು 30,000 ಎನ್ನುತ್ತಾರೆ, ಕೆಲವರು 60,000ಕ್ಕೂ ಮೇಲೆ ಎನ್ನುತ್ತಾರೆ. ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು. ಇಗರ್ಜಿಗಳು ನೆಲಸಮವಾದವು. ದಾರಿಯಲ್ಲೇ ಸತ್ತವರು ಬಹಳ, ಸೆರೆಯಲ್ಲಿ ಬೇನೆಗೆ ಬಲಿಯಾದವರು ಇನ್ನೂ ಬಹಳ. ಬಲವಂತದ ಮತಾಂತರವೂ ನಡೆಯಿತು.

ಇದನ್ನು ಬರೆಯುವಾಗ ಇನ್ನೊಂದು ಮಾತನ್ನು ಬಿಡಬಾರದು. 1560ರಲ್ಲಿ ಗೋವೆಯಲ್ಲಿ ಶುರುವಾದ ಇನ್‌ಕ್ವಿಸಿಷನ್‌ ಎಂಬ ಕ್ರೈಸ್ತ ಮತ ವಿಚಾರಣಾ ನ್ಯಾಯಾಲಯದ ಅಂಜಿಕೆಗೆ ತಮ್ಮ ದೇವರನ್ನು ಹೊತ್ತು ದಕ್ಷಿಣಕ್ಕೆ ಓಡಿಬಂದ ಹಿಂದೂ ಕುಟುಂಬಗಳಿಗೂ ಇದೇ ಕರಾವಳಿ ನೆಲೆ ಕೊಟ್ಟಿತ್ತು. ಶಿಲುಬೆಯ ಹೆಸರಿನಲ್ಲೂ ಜನ ನೊಂದಿದ್ದಾರೆ. ನೋವಿಗೆ ಒಂದೇ ಮತವೆಂಬುದಿಲ್ಲ. ಹಾಗಾಗಿ 1784ರ ನೆನಪನ್ನು ಇವತ್ತಿನ ನೆರೆಯವನ ಮೇಲೆ ಕತ್ತಿಯಾಗಿ ಬೀಸುವುದನ್ನು ನಾನು ಒಪ್ಪುವುದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬದುಕುಳಿದವರು ಘಟ್ಟ ಇಳಿದು ಊರಿಗೆ ಬಂದರು. ಜಮೀನು ಅನ್ಯರ ಕೈಯಲ್ಲಿತ್ತು, ಇಗರ್ಜಿಯಿದ್ದಲ್ಲಿ ಗಿಡಗಂಟಿ ಬೆಳೆದಿತ್ತು. ಹಾಗಿದ್ದೂ ಅವರು ಮತ್ತೆ ಇಗರ್ಜಿ ಕಟ್ಟಿದರು. ಹದಿನೈದು ವರ್ಷ ಪಾದ್ರಿಯಿಲ್ಲದೆ, ಪೂಜೆಯಿಲ್ಲದೆ, ಫೆಸ್ತ ಎಂಬ ಇಗರ್ಜಿ ಹಬ್ಬವಿಲ್ಲದೆ ಬದುಕಿದ ಜನ ಅಷ್ಟು ಬೇಗ ಹಳೆಯ ದಾರಿಗೆ ಮರಳಬೇಕಾದರೆ, ಸೆರೆಯಲ್ಲಿದ್ದಷ್ಟು ಕಾಲವೂ ಯಾರೋ ತಾಯಂದಿರು ಮಕ್ಕಳ ಕಿವಿಯಲ್ಲಿ ಪ್ರಾರ್ಥನೆ ಹೇಳುತ್ತಲೇ ಇದ್ದಿರಬೇಕು. ಬೇರೆ ವಿವರಣೆ ನನಗೆ ಕಾಣುವುದಿಲ್ಲ.

‘ಕಷ್ಟ ಕೊಟ್ಟು ದೇವರು ಪರೀಕ್ಷಿಸುತ್ತಾನೆ’ ಎಂಬ ಸಮಾಧಾನದ ಮಾತು ಸಾವಿನ ಮನೆಗಳಲ್ಲಿ ಸಲೀಸಾಗಿ ಬರುತ್ತದೆ. ನನಗೆ ಅದು ಒಗ್ಗದು. ಕಷ್ಟ ಎಷ್ಟೋ ಮಂದಿಯನ್ನು ಮುರಿದೇ ಹಾಕುತ್ತದೆ. ಶ್ರೀರಂಗಪಟ್ಟಣದಿಂದ ಮರಳದವರ ನಂಬಿಕೆ ಕಡಿಮೆಯಿತ್ತು ಎನ್ನುವುದು ಕ್ರೌರ್ಯ. ಬೈಬಲಿನ ಯೋಬನೂ ಸುಮ್ಮನೆ ಸಹಿಸಿದವನಲ್ಲ, ದೇವರೊಡನೆ ಜಗಳಕ್ಕೇ ನಿಂತವನು. ನೋವಿಗೆ ತಾನಾಗಿ ಪುಣ್ಯವಿಲ್ಲ. ಆದರೆ ನಂಬಿಕೆ ಒರಗಿ ನಿಂತ ಗೋಡೆ, ಗಂಟೆ, ಮೆರವಣಿಗೆಗಳೆಲ್ಲ ಹೋದಾಗ ಮನುಷ್ಯ ಪಕ್ಕದವನ ಕೈ ಹಿಡಿಯುತ್ತಾನೆ. ಅಲ್ಲಿಯವರೆಗೆ ಪಾದ್ರಿಯ ಕೆಲಸವೆಂದು ಬಿಟ್ಟಿದ್ದ ಪ್ರಾರ್ಥನೆ, ಶುಶ್ರೂಷೆ, ಸಾಂತ್ವನ ಎಲ್ಲವೂ ಅವನ ಪಾಲಿಗೆ ಬರುತ್ತವೆ. ನಂಬಿಕೆ ಆಳಕ್ಕಿಳಿಯುವುದು ಆಗ.

ಇದನ್ನು ಆ ಸೆರೆಗಿಂತ ನೂರು ವರ್ಷ ಮೊದಲೇ ಬಲ್ಲವರೊಬ್ಬರು ಈ ಕರಾವಳಿಯಲ್ಲೇ ದುಡಿದಿದ್ದರು. ಗೋವೆಯ ಬೆನಾವಲಿಯಲ್ಲಿ 1651ರಲ್ಲಿ ಹುಟ್ಟಿದ ಪಾದ್ರಿ ಜೋಸೆಫ್ ವಾಜ್ 1681ರಿಂದ ಕೆಲವು ವರ್ಷ ಕೆನರಾದ ಕ್ರೈಸ್ತರ ಹೊಣೆ ಹೊತ್ತಿದ್ದರು. ಗೋವೆಯ ಆರ್ಚ್‌ಬಿಷಪರು ಮತ್ತು ರೋಮ್ ನೇಮಿಸಿದ ಬಿಷಪರ ಅಧಿಕಾರದ ಜಗ್ಗಾಟದಲ್ಲಿ ಇಲ್ಲಿನ ಜನ ಒಡೆದುಹೋಗಿದ್ದ ಕಾಲವದು. ಮುಂದೆ, 1687ರಲ್ಲಿ, ಅವರು ಬಡ ಕೂಲಿಯವನ ವೇಷದಲ್ಲಿ ಶ್ರೀಲಂಕಾಕ್ಕೆ ಹೋದರು. ಡಚ್ಚರು ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರು. ಜಾಫ್ನಾ ತಲುಪಿದಾಗ ಆಮಶಂಕೆಯಿಂದ ನಿಲ್ಲಲೂ ಆಗದ ಸ್ಥಿತಿ. ಆಮೇಲೆ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸಂಶಯಕ್ಕೆ ಸೆರೆ. ಆ ಸೆರೆಯಲ್ಲೇ ಕುಳಿತು ಸಿಂಹಳ ಕಲಿತರು. ಪಾದ್ರಿಗಳೇ ಇಲ್ಲದ ಊರುಗಳಲ್ಲಿ ಪ್ರಾರ್ಥನೆ ನಡೆಸಲು, ಮಕ್ಕಳಿಗೆ ಕಲಿಸಲು ಗೃಹಸ್ಥರನ್ನೇ ನಿಲ್ಲಿಸಿದರು. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿದು ಜನ ರೋಗಿಗಳನ್ನು ಬಿಟ್ಟು ಓಡಿದಾಗ, ಅವರು ಜಾತಿ ಮತ ಕೇಳದೆ ರೋಗಿಗಳ ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. 1711ರಲ್ಲಿ ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ಇವತ್ತು ಈ ಕರಾವಳಿಯಲ್ಲಿ ಯಾರೂ ಇಗರ್ಜಿ ಕೆಡವುತ್ತಿಲ್ಲ. ಡಿಸೆಂಬರ್ 3ರಂದು ಚಂದಾವರದ ಸಂತ ಫ್ರಾನ್ಸಿಸ್ ಜೇವಿಯರ್ ಫೆಸ್ತಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಈಗಿನ ಕಷ್ಟಗಳು ಮನೆಯೊಳಗಿನವು: ಮೀನು ಸಿಗದ ಹಂಗಾಮು, ಕೊಲ್ಲಿ ದೇಶದಿಂದ ಕೆಲಸ ಕಳೆದುಕೊಂಡು ಬಂದ ಮಗ, ಮಂಗಳೂರಿನ ಆಸ್ಪತ್ರೆಯ ಬಿಲ್ಲು, ಮಕ್ಕಳೆಲ್ಲ ಊರು ಬಿಟ್ಟ ಮೇಲೆ ಒಬ್ಬಳೇ ಉಳಿದ ಮುದುಕಿ. ಆ ಮುದುಕಿಯ ಮನೆಯಲ್ಲಿ ತೇರ್ಸಿನ ಮೊದಲರ್ಧ ಹೇಳಿದರೆ ಉಳಿದರ್ಧ ಹೇಳುವವರಿಲ್ಲ. ಇಗರ್ಜಿಗೆ ಹೊಸ ಬಣ್ಣ ಬಳಿಯಲು ಚಂದಾ ಎತ್ತುವ ಮೊದಲು, ವಾಡ್ಯದ, ಅಂದರೆ ಇಗರ್ಜಿಯ ಕೇರಿಯ, ಮುಂದಾಳುಗಳಾದ ಗುರ್ಕಾರರು ಸಂಜೆ ಅವಳ ಜಗಲಿಯಲ್ಲಿ ಕೂರಲು ನಾಲ್ಕು ಮನೆಯವರನ್ನು ಸರದಿಯಂತೆ ಗೊತ್ತು ಮಾಡಲಿ.