ಒಂದು ಲೋಟ ಹಾಲು, ಹಲವು ಇಲಾಖೆಗಳ ಹೊಣೆ

ಹಾಲಿಗೆ ನೀರು ಬೆರೆಸುವರೆಂಬ ದೂರು ಹಾಲಿನ ಮಾರಾಟದಷ್ಟೇ ಹಳೆಯದು. ನೀರು ಬೆರೆತ ಹಾಲಿನಿಂದ ಕೊಳ್ಳುವವನಿಗೆ ಮೋಸವಾಗುವುದು ನಿಜ. ನೀರೇ ಮಲಿನವಾಗಿದ್ದ ಪಕ್ಷದಲ್ಲಿ ಆರೋಗ್ಯಕ್ಕೂ ಕೇಡುಂಟು. ಆದರೆ ಕಣ್ಣಿಗೆ ಕಾಣದ, ನಾಲಗೆಗೆ ತಿಳಿಯದ, ಕಾಯಿಸಿದರೂ ಹೋಗದ ದೋಷಗಳು ಹಾಲಿನಲ್ಲಿ ಬೇರೆ ಇರುತ್ತವೆ. ಅವುಗಳನ್ನು ತಡೆಯತಕ್ಕ ಹೊಣೆಯು ಸರ್ಕಾರದ ಯಾವ ಇಲಾಖೆಗೆ ಸೇರಿದುದೆಂದು ಕೇಳಿದರೆ ಒಂದೇ ಮಾತಿನ ಉತ್ತರವು ದೊರೆಯುವುದಿಲ್ಲ.

2018ನೆಯ ಇಸವಿಯಲ್ಲಿ ಭಾರತ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದವರು ದೇಶದ ಪಟ್ಟಣಗಳಿಂದ 6,432 ಹಾಲಿನ ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷೆ ಮಾಡಿಸಿದರು. ಯೂರಿಯಾ, ಸಾಬೂನುಪುಡಿ ಮುಂತಾದುವನ್ನು ಕಲಸಿ ಹಾಲಿನಂತೆ ತೋರುವ ದ್ರವವನ್ನು ಮಾರುತ್ತಿರುವರೆಂಬ ಗುಲ್ಲು ಆ ಕಾಲದಲ್ಲಿ ಬಹಳವಾಗಿ ಹಬ್ಬಿತ್ತು. 2019ರಲ್ಲಿ ಪ್ರಕಟವಾದ ಫಲಿತಾಂಶವನ್ನು ನೋಡಿದರೆ, ಕುಡಿಯುವುದಕ್ಕೆ ಅಪಾಯಕರವೆನ್ನತಕ್ಕ ಕಲಬೆರಕೆಯಿದ್ದ ಮಾದರಿಗಳು 12 ಮಾತ್ರ. ಜಿಡ್ಡಿನ ಅಂಶವು ಕಡಿಮೆಯಾಗಿದ್ದ ಮಾದರಿಗಳು ಅನೇಕವಿದ್ದುವಾದರೂ ಅದು ಬೆಲೆಗೆ ಸಂಬಂಧಿಸಿದ ಮೋಸವೆನ್ನಬಹುದು. ಚಿಂತೆಗೆ ಕಾರಣವಾದುದು ಬೇರೆಯೇ ಒಂದು ಅಂಕಿ. ಅಫ್ಲಟಾಕ್ಸಿನ್ ಎಂ-1 ಎಂಬ ವಿಷವು ಮಿತಿಮೀರಿದ್ದ ಮಾದರಿಗಳು 368. ಆಂಟಿಬಯಾಟಿಕ್ ಔಷಧಗಳ ಶೇಷವು ಮಿತಿಮೀರಿದ್ದ ಮಾದರಿಗಳು 77. ಈ ಎರಡರಲ್ಲಿ ಒಂದನ್ನಾದರೂ ಅಂಗಡಿಯವನು ಬೆರೆಸಿದುದಲ್ಲ. ಎರಡೂ ಕೊಟ್ಟಿಗೆಯ ಕಡೆಯಿಂದಲೇ ಬಂದವು.

ಅಫ್ಲಟಾಕ್ಸಿನ್ ಎಂಬುದು ಒಂದು ಬಗೆಯ ಬೂಷ್ಟಿನಿಂದ ಹುಟ್ಟುವ ವಿಷ. ಕಡಲೆಕಾಯಿ, ಮುಸುಕಿನ ಜೋಳ, ಹತ್ತಿಬೀಜ ಇವುಗಳಲ್ಲಿ ತೇವವೂ ಸೆಕೆಯೂ ಕೂಡಿದಾಗ ಆ ಬೂಷ್ಟು ಬೆಳೆಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿಕೋಳಿಗಳು ಸತ್ತುವು. ವಿಚಾರಿಸಲಾಗಿ ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷವು ಮೊದಲ ಬಾರಿಗೆ ಪತ್ತೆಯಾಯಿತು. ನಮ್ಮ ದೇಶದಲ್ಲಿಯೇ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಪ್ರದೇಶದ ಹಳ್ಳಿಗಳವರು ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು, ಯಕೃತ್ತಿನ ರೋಗಕ್ಕೆ ಈಡಾಗಿ, 106 ಮಂದಿ ಮೃತರಾದರು. ಹಸುವು ಅಂತಹ ಹಿಂಡಿಯನ್ನು ತಿಂದರೆ ವಿಷದ ಸ್ವಲ್ಪ ಭಾಗವು ರೂಪಾಂತರಹೊಂದಿ ಒಂದು ದಿನದೊಳಗಾಗಿ ಹಾಲಿಗೆ ಇಳಿಯುತ್ತದೆ. ಹಸುವಿನಲ್ಲಿ ಯಾವ ಲಕ್ಷಣವೂ ತೋರದೆ ಇರಬಹುದು. ಹಾಲನ್ನು ಕಾಯಿಸಿದರೂ ಪಾಶ್ಚರೀಕರಿಸಿದರೂ ವಿಷವು ನಾಶವಾಗುವುದಿಲ್ಲ. ಕೆಟ್ಟ ಹಿಂಡಿಯನ್ನು ನಿಲ್ಲಿಸಿದ ಕೆಲವು ದಿನಗಳಲ್ಲಿ ಮಾತ್ರ ಹಾಲು ತಾನಾಗಿ ಶುದ್ಧವಾಗುವುದು. ಕಾಯಿದೆಯಂತೆ ಒಂದು ಕಿಲೋಗ್ರಾಂ ಹಾಲಿನಲ್ಲಿ ಇದು ಅರ್ಧ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ 20 ಲಕ್ಷದಲ್ಲೊಂದು ಪಾಲನ್ನು, ಮೀರಕೂಡದು.

ಇನ್ನು ಈ ದೋಷವನ್ನು ತಡೆಯುವವರು ಯಾರೆಂಬುದನ್ನು ವಿಚಾರಿಸಬೇಕಾಗಿದೆ. ನಮ್ಮ ರಾಜ್ಯಾಂಗದ ಏಳನೆಯ ಅನುಸೂಚಿಯಲ್ಲಿ ವ್ಯವಸಾಯವೂ, ಪಶುಪಾಲನೆಯೂ, ಸಾರ್ವಜನಿಕ ಆರೋಗ್ಯವೂ ರಾಜ್ಯಗಳ ಪಟ್ಟಿಗೆ ಸೇರಿವೆ. ಆಹಾರದ ಕಲಬೆರಕೆಯೂ ಔಷಧ ಮತ್ತು ವಿಷಪದಾರ್ಥಗಳೂ ಕೇಂದ್ರ ರಾಜ್ಯಗಳೆರಡಕ್ಕೂ ಸೇರಿದ ಪಟ್ಟಿಯಲ್ಲಿವೆ. ಇಲಾಖೆಗಳ ವಿಂಗಡಣೆಗೆ ಮೂಲವು ಇಲ್ಲಿಯೇ ಇದೆ. 1954ರ ಕಲಬೆರಕೆ ನಿರೋಧಕ ಕಾಯಿದೆಯ ಜೊತೆಗೆ ಹಣ್ಣಿನ ಪದಾರ್ಥಗಳಿಗೆ 1955ರಲ್ಲಿ, ಮಾಂಸದ ಪದಾರ್ಥಗಳಿಗೆ 1973ರಲ್ಲಿ, ಹಾಲಿಗೆ 1992ರಲ್ಲಿ ಬೇರೆ ಬೇರೆ ಆಜ್ಞೆಗಳು ಹೊರಟು, ಅವುಗಳ ಆಡಳಿತವು ಬೇರೆ ಬೇರೆ ಮಂತ್ರಾಲಯಗಳ ಕೈಯಲ್ಲಿತ್ತು. ವ್ಯಾಪಾರಿಯು ಯಾರಿಗೆ ಉತ್ತರ ಹೇಳಬೇಕೆಂಬುದೇ ಒಂದು ತೊಡಕಾಗಿತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಇವೆಲ್ಲವನ್ನೂ ರದ್ದುಗೊಳಿಸಿ ಒಂದೇ ಪ್ರಾಧಿಕಾರದ ಅಧೀನಕ್ಕೆ ತಂದಿತು. ಆರೋಗ್ಯ ಮಂತ್ರಾಲಯಕ್ಕೆ ಸೇರಿದ ಆ ಪ್ರಾಧಿಕಾರವು 2008ರಲ್ಲಿ ಸ್ಥಾಪಿತವಾಯಿತು. ನಿಬಂಧನೆಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು.

ಒಂದೇ ಕಾಯಿದೆಯಾಯಿತೆಂಬುದು ನಿಜವಾದರೂ ಅದಕ್ಕೆ ಒಂದು ಎಲ್ಲೆಯುಂಟು. ಕಾಯಿದೆಯ 18ನೆಯ ಕಲಮಿನಲ್ಲಿ, ರೈತನಿಗಾಗಲಿ, ಬೆಸ್ತನಿಗಾಗಲಿ, ವ್ಯವಸಾಯದ ಕೆಲಸಗಳಿಗಾಗಲಿ, ಜಾನುವಾರುಗಳಿಗಾಗಲಿ ಇದು ಅನ್ವಯಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. 'ಆಹಾರ' ಎಂಬ ಪದದ ಅರ್ಥವಿವರಣೆಯಿಂದ ದನಗಳ ಮೇವು ಹಿಂಡಿಗಳನ್ನು ಹೊರತುಪಡಿಸಿದೆ. ಕರೆದ ಹಾಲು ರೈತನ ಕೈಯಲ್ಲಿರುವವರೆಗೆ ಒಂದು ಲೆಕ್ಕ. ಅದೇ ಹಾಲು ಅನ್ಯರ ಕೈಗೆ ಬಂದೊಡನೆ ಕಾಯಿದೆಗೆ ಒಳಪಟ್ಟ ಆಹಾರವಾಗುತ್ತದೆ. ತನ್ನ ಹಾಲೆಲ್ಲವನ್ನೂ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಕುವ ಸದಸ್ಯನು ಹೆಸರು ನೋಂದಾಯಿಸಿಕೊಳ್ಳಬೇಕಾದ ಅಗತ್ಯವೂ ಇಲ್ಲ. ಈ ವಿನಾಯಿತಿಯು ಅನ್ಯಾಯವಾದುದಲ್ಲ. ಒಂದೆರಡು ಹಸುಗಳನ್ನು ಕಟ್ಟಿಕೊಂಡು ಜೀವಿಸುವ ಬಡ ಸಂಸಾರದವರ ಮೇಲೆ ಲೈಸೆನ್ಸು, ತನಿಖೆ, ಜುಲ್ಮಾನೆಗಳ ಹೊರೆಯನ್ನು ಹೊರಿಸಿದರೆ ಹೈನುಗಾರಿಕೆಯೇ ನಿಂತುಹೋದೀತು. ಆದರೆ ಇದರಿಂದ ಆದುದೇನೆಂದರೆ, ಕಾಯಿದೆಯ ಕಾವಲು ಪ್ರಾರಂಭವಾಗುವ ಸ್ಥಳಕ್ಕೆ ಹಾಲು ಬರುವಷ್ಟರಲ್ಲಿ ಮೇಲೆ ಹೇಳಿದ ದೋಷಗಳೆರಡೂ ಅದರಲ್ಲಿ ಸೇರಿಯೇ ಆಗಿರುತ್ತವೆ.

ಹಿಂಡಿಯ ವಿಷಯವನ್ನೇ ನೋಡಬಹುದು. ತಯಾರಿಸಿದ ಪಶು ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದವರು ಗುಣಮಟ್ಟವನ್ನು ನಿಗದಿಮಾಡಿ, ಅದರಲ್ಲಿ ಅಫ್ಲಟಾಕ್ಸಿನ್ನಿಗೂ ಮಿತಿಯನ್ನು ಹಾಕಿದ್ದಾರೆ. ಊರಿನ ಗಾಣದಿಂದ ತಂದ ಬಿಡಿ ಹಿಂಡಿಗೆ ಆ ಮುದ್ರೆ ಎಲ್ಲಿಂದ ಬರಬೇಕು? ಕಡಲೆಕಾಯಿಯನ್ನು ಸುಲಿದಾಗ ಒಳ್ಳೆಯ ಬೀಜವು ಮಾರಾಟಕ್ಕೆ ಹೋಗುತ್ತದೆ. ಮುದುಡಿದ, ಒಡೆದ, ಬೂಷ್ಟು ಹಿಡಿದ ಬೀಜವು ಗಾಣಕ್ಕೆ ಹೋಗುತ್ತದೆ. ವಿಷದ ಬಹುಭಾಗವು ಎಣ್ಣೆಗೆ ಹೋಗದೆ ಹಿಂಡಿಯಲ್ಲಿಯೇ ನಿಲ್ಲುತ್ತದೆ. ಮನುಷ್ಯರಿಗೆ ಬೇಡವೆಂದು ಬದಿಗಿಟ್ಟದ್ದು ಹಸುವಿನ ಮೂಲಕ ಮನುಷ್ಯರ ಮಕ್ಕಳಿಗೇ ಬಂದು ಸೇರುವ ಬಗೆಯು ಹೀಗಿದೆ.

ಔಷಧದ ವಿಷಯದಲ್ಲಿ ಹೊಣೆಯು ಇನ್ನೂ ಹೆಚ್ಚಾಗಿ ಹಂಚಿಹೋಗಿದೆ. ಕೆಚ್ಚಲು ಬಾವಿಗೆ ಕೊಡುವ ಔಷಧದ ತಯಾರಿಕೆ ಮಾರಾಟಗಳು 1940ರ ಔಷಧ ಕಾಯಿದೆಗೆ ಒಳಪಟ್ಟು ಆರೋಗ್ಯ ಮಂತ್ರಾಲಯದ ಅಧೀನದಲ್ಲಿವೆ; ಚಿಕಿತ್ಸೆಮಾಡುವ ವೈದ್ಯರು ಪಶುಪಾಲನಾ ಇಲಾಖೆಯವರು; ಹಾಲಿನಲ್ಲಿ ಔಷಧದ ಶೇಷವೆಷ್ಟಿರಬಹುದೆಂದು ಗೊತ್ತುಮಾಡುವವರು ಆಹಾರ ಪ್ರಾಧಿಕಾರದವರು; ಹಾಲನ್ನು ಕೊಳ್ಳುವ ಸಂಘವು ಸಹಕಾರ ಕಾಯಿದೆಯಂತೆ ನಡೆಯತಕ್ಕದ್ದು. 2012ರ ತಿದ್ದುಪಡಿಯಂತೆ, ಚಿಕಿತ್ಸೆಯ ತರುವಾಯ ಎಷ್ಟು ದಿನ ಹಾಲನ್ನು ಬಳಸಕೂಡದೆಂಬುದನ್ನು ಔಷಧದ ಚೀಟಿಯ ಮೇಲೆ ಮುದ್ರಿಸಬೇಕು. ಅಂತಹ ಅವಧಿಯು ಪರೀಕ್ಷೆಯಿಂದ ನಿರ್ಧಾರವಾಗಿಲ್ಲದಿದ್ದರೆ ಹಾಲಿಗೂ ಮೊಟ್ಟೆಗೂ 7 ದಿನಕ್ಕೆ, ಮಾಂಸಕ್ಕೆ 28 ದಿನಕ್ಕೆ ಕಡಿಮೆಯಿರಕೂಡದು. ನಿಯಮವು ಚೆನ್ನಾಗಿಯೇ ಇದೆ. ಆದರೆ ಔಷಧವನ್ನು ಕೆಚ್ಚಲಿಗೆ ಏರಿಸಿದ ಮೇಲೆ ಖಾಲಿ ಕೊಳವೆಯು ತಿಪ್ಪೆಗೆ ಬೀಳುತ್ತದೆ. ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದುವವರು ವಿರಳ. ಅಂತಹ ಹಾಲಿಗೆ ಹೆಪ್ಪು ಹಾಕಿದರೆ ಎಷ್ಟೋ ವೇಳೆ ಮೊಸರಾಗದು, ಹೆಪ್ಪಿನಲ್ಲಿರುವ ಜೀವಾಣುಗಳನ್ನೂ ಔಷಧವು ತಡೆಯುವುದರಿಂದ. ಮನೆಯ ಹೆಂಗಸರು ಇದನ್ನು ಹಸುವಿಗೆ ದೃಷ್ಟಿಯಾಯಿತೆಂದು ತಿಳಿದಿರುವುದೂ ಉಂಟು.

ಕಾಯಿದೆಯ ಎಲ್ಲೆಯೊಳಕ್ಕೆ ಬಂದ ಹಾಲಿಗೆ ಕಾವಲು ಬಿಗಿಯಾಗಿದೆ. ರಾಜ್ಯಕ್ಕೊಬ್ಬ ಆಹಾರ ಸುರಕ್ಷತಾ ಆಯುಕ್ತರು, ಜಿಲ್ಲೆಗೊಬ್ಬ ಅಂಕಿತ ಅಧಿಕಾರಿ, ಅವರ ಕೈಕೆಳಗೆ ಆಹಾರ ಸುರಕ್ಷತಾಧಿಕಾರಿಗಳು ಇರುತ್ತಾರೆ. ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ, ಒಂದನ್ನು ವಿಶ್ಲೇಷಕರಿಗೆ ಕಳುಹಿಸಿ, ಉಳಿದುವನ್ನು ಕಾದಿಡುವರು. 14 ದಿನಗಳೊಳಗಾಗಿ ವರದಿ ಬರಬೇಕು. ವರದಿಗೆ ಒಪ್ಪದವನು ಮೇಲ್ಮನವಿ ಮಾಡಿಕೊಂಡರೆ ಕಾದಿಟ್ಟ ಭಾಗವು ನಿರ್ದೇಶಿತ ಪ್ರಯೋಗಶಾಲೆಗೆ ಹೋಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಅಂತಹ ಪ್ರಯೋಗಶಾಲೆಗಳಲ್ಲಿ ಒಂದು. ಹೊರದೇಶಗಳಿಗೆ ಹೋಗುವ ಪದಾರ್ಥಗಳಿಗೆ ವಾಣಿಜ್ಯ ಮಂತ್ರಾಲಯದ ರಫ್ತು ತನಿಖಾ ಮಂಡಲಿಯು ಪ್ರತ್ಯೇಕವಾಗಿದೆ.

ಹಳ್ಳಿಯ ಸಂಘದಲ್ಲಿ ಪ್ರತಿದಿನವೂ ಉಪಯೋಗಿಸುವ ಲ್ಯಾಕ್ಟೋಮೀಟರು ನೀರನ್ನು ಹಿಡಿಯಬಲ್ಲುದು. ಜಿಡ್ಡಿನ ಪರೀಕ್ಷೆಯು ಬೆಲೆಯನ್ನು ಕಟ್ಟಬಲ್ಲುದು. ಬೂಷ್ಟಿನ ವಿಷವನ್ನಾಗಲಿ ಔಷಧದ ಶೇಷವನ್ನಾಗಲಿ ಇವೆರಡೂ ಕಾಣಲಾರವು. ಹತ್ತಾರು ಮನೆಗಳ ಹಾಲು ಒಂದು ಕ್ಯಾನಿನಲ್ಲಿ ಕೂಡಿದ ಮೇಲೆ ದೋಷವು ಯಾವ ಮನೆಯದೆಂದು ಹೇಳುವುದೂ ಅಸಾಧ್ಯ.

ಆದಕಾರಣ ಈ ಕೆಲಸದ ಮೊದಲ ಭಾಗವು ವ್ಯವಸಾಯ ಇಲಾಖೆಗೂ ಪಶುಪಾಲನಾ ಇಲಾಖೆಗೂ ಬಂದು ಬೀಳುತ್ತದೆ. ಪಾವಗಡ, ಚಳ್ಳಕೆರೆ ಮುಂತಾದ ಕಡಲೆಕಾಯಿಯ ಸೀಮೆಗಳಲ್ಲಿ ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ತಪ್ಪಿದರೆ ಬೂಷ್ಟು ಹೊಲದಲ್ಲಿಯೇ ಹಿಡಿಯುತ್ತದೆ. ಅಂತಹ ವರ್ಷದ ಬೆಳೆಯ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆ ಬೇಕು. ಕಿತ್ತ ಗಿಡಗಳನ್ನು ಕಾಯಿ ಮೇಲಾಗಿ ಬರುವಂತೆ ಒಣಹಾಕಿ, ತೇವವು ನೂರಕ್ಕೆ 8ಕ್ಕಿಂತ ಕಡಿಮೆಯಾದ ಮೇಲೆ ಚೀಲಗಳಿಗೆ ತುಂಬಬೇಕು. ಸುಲಿಯುವುದಕ್ಕೆ ಸುಲಭವೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿಯಂತೂ ಬೂಷ್ಟಿಗೆ ಬಿತ್ತನೆ ಮಾಡಿದಂತೆ. ಹಿಂಡಿಯನ್ನು ಮಳೆಗಾಲದಲ್ಲಿ ಬೇಕಾದಷ್ಟೇ ಕೊಂಡು, ನೆಲಕ್ಕೂ ಗೋಡೆಗೂ ತಾಕದಂತೆ ಹಲಗೆಯ ಮೇಲಿಡಬೇಕು. ಹಸುರು ಅಥವಾ ಹಳದಿಯ ಬೂಷ್ಟು ಕಂಡ ಹಿಂಡಿಯನ್ನು ಬಿಸಿಲಿಗೆ ಹಾಕಿ ಕೊಡವಿ ತಿನ್ನಿಸಿದರೆ ಬೂಷ್ಟು ಹೋದೀತೇ ಹೊರತು ವಿಷವು ಹೋಗುವುದಿಲ್ಲ. ಅದನ್ನು ಕರೆಯುವ ಹಸುವಿಗೆ ಹಾಕದೆ ಗೊಬ್ಬರದ ಗುಂಡಿಗೆ ಸೇರಿಸುವುದೇ ಸರಿ.

ಇದೆಲ್ಲಾ ಶ್ರಮದ ಮಾತು. ನಷ್ಟದ ಮಾತು ಬೇರೆ ಇದೆ. ದಿನಕ್ಕೆ 10 ಲೀಟರು ಕರೆಯುವ ಹಸುವಿಗೆ ಕೆಚ್ಚಲು ಬಾವು ಬಂದು, 7 ದಿನ ಹಾಲನ್ನು ಸಂಘಕ್ಕೆ ಹಾಕದೆ ನಿಲ್ಲಿಸಬೇಕಾದರೆ, 70 ಲೀಟರು ಹಾಲಿನ ಹಣವು ಆ ಮನೆಗೆ ತಪ್ಪುತ್ತದೆ. ಔಷಧದ ಖರ್ಚೂ ಅದೇ ವಾರದಲ್ಲಿಯೇ ಬಿದ್ದಿರುತ್ತದೆ. ಆ ಹಾಲನ್ನು ಚೆಲ್ಲಿದವನಿಗೆ ನಷ್ಟವನ್ನು ತುಂಬಿಕೊಡುವ ಏರ್ಪಾಡು ಮೇಲೆ ಹೇಳಿದ ಕಾಯಿದೆಗಳೊಂದರಲ್ಲಿಯೂ ಇಲ್ಲ.